ದೊಡ್ಡ ಕರುಳಿನ ಅಪಧಮನಿಗಳು: ಅರಿವು ಬೆಳೆದು ಬಂದ ಬಗೆ

ಅಂಗರಚನಾಶಾಸ್ತ್ರದ ಇಂದಿನ ಪಠ್ಯಪುಸ್ತಕಗಳಲ್ಲಿ ದೊಡ್ಡ ಕರುಳಿನ ರಕ್ತಪೂರೈಕೆಗೆ ಮೀಸಲಾಗುವುದು ಒಂದೆರಡು ಪುಟಗಳು ಮಾತ್ರ. ಮಹಾಪಧಮನಿಯಿಂದ ಹೊರಡುವ ಎರಡು ಕವಲುಗಳು, ಅವುಗಳ ಕೆಲವು ಶಾಖೆಗಳು, ಕರುಳಿನ ಅಂಚಿನುದ್ದಕ್ಕೂ ಸಾಗುವ ಕಮಾನುಗಳ ಒಂದು ಸಾಲು; ಇಷ್ಟನ್ನು ಒಂದು ಚಿತ್ರದೊಡನೆ ವಿವರಿಸಿ ಗ್ರಂಥಕರ್ತರು ಮುಂದಿನ ವಿಷಯಕ್ಕೆ ತೆರಳುತ್ತಾರೆ. ಆದರೆ ಆ ಚಿತ್ರದ ಹಿಂದೆ ಮುನ್ನೂರು ವರ್ಷಗಳಿಗೂ ಮೀರಿದ ವಾದ, ಪ್ರಯೋಗ ಮತ್ತು ಸಾವುನೋವುಗಳ ಇತಿಹಾಸವಿದೆ.

ಈ ಇತಿಹಾಸವನ್ನು ಪರಿಶೀಲಿಸಿದಾಗ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. ಯಾವ ನಾಳ ಎಲ್ಲಿಂದ ಹೊರಟು ಎಲ್ಲಿಗೆ ತಲಪುತ್ತದೆ ಎಂಬುದು ಮೊದಲನೆಯದು. ಒಂದು ನಾಳ ಮುಚ್ಚಿಹೋದರೆ ಅಥವಾ ಅದನ್ನು ಕಟ್ಟಿ ಕತ್ತರಿಸಿದರೆ, ಉಳಿದ ನಾಳಗಳು ಕರುಳನ್ನು ಬದುಕಿಸಬಲ್ಲವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಶವಪರೀಕ್ಷೆಯಿಂದ ಉತ್ತರ ದೊರೆಯಿತು. ಎರಡನೆಯದಕ್ಕೆ ಶವ ಪೂರ್ಣ ಉತ್ತರ ಕೊಡಲಾರದು. ನಾಳವೊಂದು ಇರುವುದು ಬೇರೆ, ಅದು ಸಾಲುವುದು ಬೇರೆ. ಈ ಭೇದವನ್ನು ವೈದ್ಯವಿಜ್ಞಾನ ಹೇಗೆ ಹಂತಹಂತವಾಗಿ ಕಂಡುಕೊಂಡಿತು ಎಂಬುದನ್ನು ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಅಂಗದ ರಚನೆ

ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದವಾದುದು. ಹೊಟ್ಟೆಯ ಬಲಗಡೆಯ ಕೆಳಭಾಗದಲ್ಲಿ ಕುರುಡುಗರುಳಾಗಿ ಆರಂಭಗೊಂಡು, ಏರುಕರುಳಾಗಿ ಯಕೃತ್ತಿನವರೆಗೆ ಸಾಗಿ, ಅಡ್ಡಕರುಳಾಗಿ ಎಡಕ್ಕೆ ಹಾಯುತ್ತದೆ. ಗುಲ್ಮದ ಬಳಿ ತೀವ್ರವಾಗಿ ತಿರುಗಿ ಇಳಿಕರುಳಾಗಿ ಕೆಳಗಿಳಿದು, ಸಿಗ್ಮಾಯ್ಡ್ ಎಂಬ ಬಾಗಿದ ಭಾಗದ ಮೂಲಕ ಗುದನಾಳವನ್ನು ಸೇರುತ್ತದೆ. ಕರುಳನ್ನು ಹೊಟ್ಟೆಯ ಹಿಂಗೋಡೆಗೆ ಬಂಧಿಸುವ ಪೊರೆಗೆ ಮೆಸೆಂಟರಿ ಎಂದು ಹೆಸರು. ಕರುಳಿನ ರಕ್ತನಾಳಗಳು, ನರಗಳು, ದುಗ್ಧರಸನಾಳಗಳು ಈ ಪೊರೆಯೊಳಗೆ ಸಾಗುವುದರಿಂದ ಮುಖ್ಯ ಅಪಧಮನಿಗಳಿಗೂ ಅದರ ಹೆಸರೇ ಬಂದಿದೆ.

ಮೇಲಿನ ಮೆಸೆಂಟರಿ ಅಪಧಮನಿಯು ಸೊಂಟದ ಮೊದಲನೆಯ ಕಶೇರುವಿನ ಮಟ್ಟದಲ್ಲಿಯೂ ಕೆಳಗಿನದು ಮೂರನೆಯ ಕಶೇರುವಿನ ಮಟ್ಟದಲ್ಲಿಯೂ ಮಹಾಪಧಮನಿಯಿಂದ ಹೊರಡುತ್ತವೆ. ಮೇಲಿನದು ಸಣ್ಣ ಕರುಳಿನ ಬಹುಭಾಗವನ್ನು ಪೋಷಿಸುವುದರ ಜೊತೆಗೆ ಇಲಿಯೊಕಾಲಿಕ್, ಬಲ ಕಾಲಿಕ್ ಮತ್ತು ನಡು ಕಾಲಿಕ್ ಎಂಬ ಶಾಖೆಗಳ ಮೂಲಕ ಕುರುಡುಗರುಳು, ಏರುಕರುಳು ಹಾಗೂ ಅಡ್ಡಕರುಳಿನ ಹೆಚ್ಚಿನ ಭಾಗಕ್ಕೆ ರಕ್ತ ಒದಗಿಸುತ್ತದೆ. ಕೆಳಗಿನದು ಎಡ ಕಾಲಿಕ್, ಸಿಗ್ಮಾಯ್ಡ್ ಶಾಖೆಗಳು ಮತ್ತು ಮೇಲಿನ ಗುದನಾಳ ಅಪಧಮನಿಯಾಗಿ ಕವಲೊಡೆಯುತ್ತದೆ. ಗುದನಾಳದ ಕೆಳಭಾಗಕ್ಕೆ ವಸ್ತಿಕುಹರದ ಅಪಧಮನಿಗಳಿಂದಲೂ ರಕ್ತ ಬರುತ್ತದೆ.

ಈ ಇಬ್ಭಾಗ ಭ್ರೂಣಾವಸ್ಥೆಯಿಂದ ಬಂದುದು. ಭ್ರೂಣದಲ್ಲಿ ನಡುಗರುಳಿಗೆ ಒಂದು ಅಪಧಮನಿ, ಹಿಂಗರುಳಿಗೆ ಇನ್ನೊಂದು. ಅವೆರಡೂ ಕೂಡಿ ಒಂದೇ ಕೊಳವೆಯಾದಾಗ ಅವುಗಳ ರಕ್ತಕ್ಷೇತ್ರಗಳು ಅಡ್ಡಕರುಳಿನ ಎಡತುದಿಯ ಆಸುಪಾಸಿನಲ್ಲಿ, ಅಂದರೆ ಗುಲ್ಮದ ತಿರುವಿನ ಸಮೀಪದಲ್ಲಿ, ಒಂದನ್ನೊಂದು ಸಂಧಿಸುತ್ತವೆ. ಶಾಖೆಗಳೆಲ್ಲ ಕರುಳನ್ನು ಮುಟ್ಟುವ ಮೊದಲು ಎಡಬಲಕ್ಕೆ ಸೀಳಿ ನೆರೆಯ ಶಾಖೆಯೊಡನೆ ಕೂಡಿಕೊಳ್ಳುತ್ತವೆ. ಹೀಗೆ ಉಂಟಾಗುವ ಕಮಾನುಗಳ ಸರಣಿಯೇ ಅಂಚಿನ ಅಪಧಮನಿ. ಅದರಿಂದ ಹೊರಡುವ ನೇರವಾದ ಕಿರುನಾಳಗಳು ಕರುಳಿನ ಗೋಡೆಯನ್ನು ಹೊಗುತ್ತವೆ. ಊರಿನ ಒಂದು ಕೆರೆ ಬತ್ತಿದರೂ ಇನ್ನೊಂದು ಕೆರೆಯ ನೀರು ಅದೇ ಕಾಲುವೆಯಲ್ಲಿ ಹಿಮ್ಮುಖವಾಗಿ ಹರಿದು ಗದ್ದೆಗೆ ತಲಪುವಂತಹ ಏರ್ಪಾಡು ಇದು. ಆದರೆ ಕಾಲುವೆ ಎಲ್ಲ ಕಡೆಯೂ ಒಂದೇ ಅಗಲವಾಗಿಲ್ಲ ಎಂಬಲ್ಲಿ ತೊಡಕು ಆರಂಭವಾಗುತ್ತದೆ.

2. ಹಾರ್ವೆ ಮತ್ತು ರಿಯೋಲಾನ್

ಹೊಟ್ಟೆಯ ನಾಳಗಳು ಪ್ರಾಚೀನ ವೈದ್ಯರ ಗಮನಕ್ಕೆ ಬಂದಿದ್ದವು. ಸುಶ್ರುತ ಸಂಹಿತೆಯ ಶಾರೀರಸ್ಥಾನವು ನಾಭಿಯಿಂದ ಹೊರಡುವ ಇಪ್ಪತ್ನಾಲ್ಕು ಧಮನಿಗಳನ್ನು ಹೇಳುತ್ತದೆ. ಕನ್ನಡದ ವೈದ್ಯಕೀಯ ಬರಹದಲ್ಲಿ ಬಳಕೆಯಲ್ಲಿರುವ ಅಪಧಮನಿ, ಅಭಿಧಮನಿ ಎಂಬ ಪದಗಳಲ್ಲಿ ಉಳಿದಿರುವುದು ಈ ಹಳೆಯ ಶಬ್ದವೇ. ಆದರೆ ಸಂಹಿತೆಯ ಧಮನಿಗಳನ್ನು ಇಂದಿನ ಅಪಧಮನಿಗಳೊಡನೆ ಒಂದಕ್ಕೊಂದು ಹೊಂದಿಸಲು ಬರುವುದಿಲ್ಲ; ಅವು ಬೇರೊಂದು ದೇಹಕಲ್ಪನೆಯ ಅಂಗಗಳು. ಯುರೋಪಿನಲ್ಲಿ ಎರಡನೆಯ ಶತಮಾನದ ಗೇಲನ್‌ನ ಮತವೇ ಬಹುಕಾಲ ಪ್ರಮಾಣವಾಗಿತ್ತು. ಅವನ ಪ್ರಕಾರ ಕರುಳಿನಲ್ಲಿ ಜೀರ್ಣವಾದ ಅನ್ನರಸವನ್ನು ಮೆಸೆಂಟರಿಯ ಅಭಿಧಮನಿಗಳು ಯಕೃತ್ತಿಗೆ ಒಯ್ಯುತ್ತವೆ; ಅಲ್ಲಿ ಅದು ರಕ್ತವಾಗಿ ಮಾರ್ಪಟ್ಟು ದೇಹದ ಎಲ್ಲ ಭಾಗಗಳಿಗೂ ಹೋಗಿ ವ್ಯಯವಾಗುತ್ತದೆ. ಕರುಳಿನಿಂದ ಏನು ಹೊರಡುತ್ತದೆ ಎಂಬುದು ಈ ಮತದಲ್ಲಿ ಮುಖ್ಯವಾಗಿತ್ತೇ ಹೊರತು, ಕರುಳಿಗೆ ಏನು ಬರುತ್ತದೆ ಎಂಬುದು ಅಷ್ಟಾಗಿ ಮುಖ್ಯವಾಗಿರಲಿಲ್ಲ.

1543ರಲ್ಲಿ ಪ್ರಕಟವಾದ ವೆಸೇಲಿಯಸ್‌ನ ಮಹಾಗ್ರಂಥ ದೇಹದ ನಾಳಗಳನ್ನು ಹೊಸ ನಿಖರತೆಯಿಂದ ಚಿತ್ರಿಸಿತಾದರೂ ಅವುಗಳ ಕಾರ್ಯದ ಬಗೆಗಿನ ಗೇಲನ್‌ನ ಚೌಕಟ್ಟನ್ನು ಮುರಿಯಲಿಲ್ಲ. ಆ ಚೌಕಟ್ಟು ಮುರಿದದ್ದು 1628ರಲ್ಲಿ, ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ನಿರೂಪಿಸಿದಾಗ. ಆ ಕೃತಿಯ ಹದಿನಾರನೆಯ ಅಧ್ಯಾಯದಲ್ಲಿ ಹಾರ್ವೆಯು ಮೆಸೆಂಟರಿಯ ವಿಷಯವನ್ನು ಪ್ರತ್ಯೇಕವಾಗಿ ಎತ್ತಿಕೊಂಡನು. ಅಪಧಮನಿಗಳ ಮೂಲಕ ಕರುಳಿಗೆ ಬಂದ ರಕ್ತ, ಅಲ್ಲಿಂದ ಅನ್ನರಸದೊಡನೆ ಅಭಿಧಮನಿಗಳ ಮೂಲಕ ಯಕೃತ್ತಿಗೂ ಅಲ್ಲಿಂದ ಹೃದಯಕ್ಕೂ ಮರಳುತ್ತದೆ ಎಂಬುದು ಅವನ ವಾದ. ಇದರಿಂದ ಕರುಳು ರಕ್ತದ ಮೂಲಸ್ಥಾನಕ್ಕೆ ಸರಕು ಕಳುಹಿಸುವ ತಾಣವಾಗಿರದೆ, ರಕ್ತವನ್ನು ಪಡೆದು ಹಿಂದಿರುಗಿಸುವ ಅಂಗವಾಯಿತು.

ಇದನ್ನು ಪೂರ್ತಿಯಾಗಿ ಒಪ್ಪದವರಲ್ಲಿ ಪ್ರಮುಖನೆಂದರೆ ಪ್ಯಾರಿಸ್ಸಿನ ಅಂಗರಚನಾಶಾಸ್ತ್ರಜ್ಞ ಕಿರಿಯ ಜ್ಯಾಂ ರಿಯೋಲಾನ್. ಅವನು ಫ್ರಾನ್ಸಿನ ರಾಜಮಾತೆ ಮಾರಿ ದೆ ಮೆದಿಚಿಯ ವೈದ್ಯನೂ ಆಗಿದ್ದನು. 1648ರ ತನ್ನ ಕೈಪಿಡಿಯಲ್ಲಿ ಅವನು ಪರಿಚಲನೆಯನ್ನು ಅಂಶತಃ ಒಪ್ಪಿ, ಅದನ್ನು ದೊಡ್ಡ ನಾಳಗಳಿಗೆ ಸೀಮಿತಗೊಳಿಸಿದನು. ಕರುಳಿನಿಂದ ಯಕೃತ್ತಿಗೆ ಹೋಗುವ ನಾಳಕ್ಷೇತ್ರವನ್ನು ಪರಿಚಲನೆಯಿಂದ ಹೊರಗಿಟ್ಟನು. ಗೇಲನ್‌ನ ಮತವನ್ನು ಉಳಿಸಿಕೊಳ್ಳಲು ಆ ಭಾಗ ಅವನಿಗೆ ಅಗತ್ಯವಾಗಿತ್ತು. ಹಾರ್ವೆಯು 1649ರಲ್ಲಿ ರಿಯೋಲಾನನನ್ನೇ ಸಂಬೋಧಿಸಿ ಎರಡು ಪ್ರಬಂಧಗಳನ್ನು ಪ್ರಕಟಿಸಿ ಉತ್ತರಿಸಿದನು. ಎರಡು ಮೆಸೆಂಟರಿ ಅಪಧಮನಿಗಳ ನಡುವಣ ಸಂಗಮಕ್ಕೆ ಮುಂದಿನ ತಲೆಮಾರಿನವರು ಕೊಟ್ಟ ಹೆಸರು ‘ರಿಯೋಲಾನನ ಕಮಾನು’. ಎಲ್ಲಿ ರಕ್ತ ಪರಿಚಲಿಸುವುದಿಲ್ಲ ಎಂದು ವಾದಿಸಿದನೋ ಅದೇ ಪ್ರದೇಶದ ಪರ್ಯಾಯ ಹರಿವಿನ ಮಾರ್ಗಕ್ಕೆ ಅವನ ಹೆಸರು ಅಂಟಿಕೊಂಡಿತು. ಈ ಹೆಸರು ಮುಂದೆ ತಂದ ಗೊಂದಲವನ್ನು ಐದನೆಯ ಭಾಗದಲ್ಲಿ ಚರ್ಚಿಸಲಾಗಿದೆ.

3. ಮೇಣ ತುಂಬಿದ ನಾಳಗಳು

ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆ ಎಂಬುದನ್ನು ಹಾರ್ವೆ ಕಣ್ಣಾರೆ ಕಂಡಿರಲಿಲ್ಲ. 1661ರಲ್ಲಿ ಮಾಲ್ಪೀಗಿ ಸೂಕ್ಷ್ಮದರ್ಶಕದ ನೆರವಿನಿಂದ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡನು. ನಾಳಗಳೊಳಗೆ ಬಣ್ಣದ ಮೇಣವನ್ನು ತುಂಬಿ ಅವುಗಳ ಕವಲುಗಳನ್ನು ತೋರಿಸುವ ವಿಧಾನವೂ ಇದೇ ಕಾಲದಲ್ಲಿ ಬೆಳೆಯಿತು. ಆಮ್‌ಸ್ಟರ್‌ಡ್ಯಾಮಿನ ಫ್ರೆಡರಿಕ್ ರಾಯ್ಶ್ ಈ ಕಲೆಯಲ್ಲಿ ಪ್ರಸಿದ್ಧನಾದನು. ಅವನ ಸಂಗ್ರಹವನ್ನು ರಷ್ಯದ ದೊರೆ ಪೀಟರ್ 1717ರಲ್ಲಿ ಕೊಂಡುಕೊಂಡನು. ಬರಿಯ ಚೂರಿಗೆ ಸಿಗದೆ ಹರಿದುಹೋಗುತ್ತಿದ್ದ ಕಿರುನಾಳಗಳು ಈ ವಿಧಾನದಿಂದ ದೃಷ್ಟಿಗೋಚರವಾದವು.

ಇದರ ವ್ಯವಸ್ಥಿತ ಫಲ ಕಂಡುಬಂದದ್ದು ಆಲ್‌ಬ್ರೆಕ್ಟ್ ಫಾನ್ ಹಾಲರ್‌ನ ಕೃತಿಗಳಲ್ಲಿ. 1743ರಿಂದ 1756ರವರೆಗೆ ಕಂತುಗಳಲ್ಲಿ ಹೊರಬಂದ ಅವನ ಚಿತ್ರಸಂಪುಟಗಳು ದೇಹದ ಅಪಧಮನಿಗಳನ್ನು ಒಂದೊಂದಾಗಿ ನಿರೂಪಿಸಿದವು. ಒಂದೇ ಶವವನ್ನು ನೋಡಿ ಸಾಮಾನ್ಯೀಕರಿಸದೆ, ಹಲವನ್ನು ಹೋಲಿಸಿ ವ್ಯತ್ಯಾಸಗಳನ್ನು ದಾಖಲಿಸಿದ್ದು ಅವನ ಹಿರಿಮೆ. ಹದಿನೆಂಟನೆಯ ಶತಮಾನ ಮುಗಿಯುವ ವೇಳೆಗೆ ‘ಯಾವ ನಾಳ ಎಲ್ಲಿಗೆ’ ಎಂಬ ಪ್ರಶ್ನೆಗೆ ಸ್ಥೂಲವಾದ ಉತ್ತರ ಸಿದ್ಧವಾಗಿತ್ತು.

ಎರಡನೆಯ ಪ್ರಶ್ನೆ ಸ್ಪಷ್ಟ ರೂಪ ಪಡೆದದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ. 1872ರಲ್ಲಿ ಯೂಲಿಯುಸ್ ಕೋನ್‌ಹೈಮ್ ‘ತುದಿ ಅಪಧಮನಿ’ ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ನೆರೆಯ ಅಪಧಮನಿಯೊಡನೆ ಸಂಪರ್ಕವಿಲ್ಲದ ಇಂತಹ ನಾಳ ಮುಚ್ಚಿದರೆ ಅದು ಪೋಷಿಸುತ್ತಿದ್ದ ಭಾಗ ಸಾಯುತ್ತದೆ. ಮೆಸೆಂಟರಿಯಲ್ಲಾದರೋ ಸಂಪರ್ಕಗಳು ಹೇರಳ. ಆದ್ದರಿಂದ ಅಲ್ಲಿ ಅಪಾಯವಿರಬಾರದು. ಆದರೆ 1875ರಲ್ಲಿ ಮೋರಿಟ್ಸ್ ಲಿಟ್ಟನ್ ನಾಯಿಗಳ ಮೇಲಿನ ಮೆಸೆಂಟರಿ ಅಪಧಮನಿಯನ್ನು ಕಟ್ಟಿ ನೋಡಿದಾಗ, ಕೂಡುನಾಳಗಳಿದ್ದರೂ ಕರುಳು ಸತ್ತಿತು. ರಚನೆಯಲ್ಲಿ ಅದು ತುದಿ ಅಪಧಮನಿಯಲ್ಲ, ಕಾರ್ಯದಲ್ಲಿ ಮಾತ್ರ ತುದಿ ಅಪಧಮನಿಯಂತೆಯೇ ವರ್ತಿಸುತ್ತದೆ ಎಂಬ ತೀರ್ಮಾನಕ್ಕೆ ಅವನು ಬಂದನು. ನಾಳ ಇರುವುದಕ್ಕೂ ಸಾಲುವುದಕ್ಕೂ ಇರುವ ಭೇದ ಪ್ರಯೋಗದಿಂದ ಸಿದ್ಧವಾದ ಸಂದರ್ಭವಿದು.

4. ಶಸ್ತ್ರವೈದ್ಯರ ಪ್ರಶ್ನೆ

ಅರಿವಳಿಕೆ ಮತ್ತು ನಂಜುನಿರೋಧಕ ವಿಧಾನಗಳು ಬಂದ ಮೇಲೆ ಹೊಟ್ಟೆಯನ್ನು ತೆರೆಯುವುದು ಸಾಧ್ಯವಾಯಿತು. ಕ್ಯಾನ್ಸರ್ ಪೀಡಿತ ಕರುಳಿನ ತುಂಡನ್ನು ತೆಗೆದು ಉಳಿದ ತುದಿಗಳನ್ನು ಕೂಡಿಸುವ ಪ್ರಯತ್ನಗಳು ಹೆಚ್ಚಿದವು. ಆದರೆ ಸರಿಯಾಗಿ ಹೊಲಿದ ಕರುಳೂ ಕೆಲವೊಮ್ಮೆ ಕೆಲವೇ ದಿನಗಳಲ್ಲಿ ಕಪ್ಪಾಗಿ ಕೊಳೆಯುತ್ತಿತ್ತು. ಹೊಲಿಗೆ ಬಿಚ್ಚಿ ಮಲ ಹೊಟ್ಟೆಯೊಳಗೆ ಸೋರಿದರೆ ರೋಗಿ ಉಳಿಯುವುದು ದುಸ್ತರವಾಗಿತ್ತು.

ಹ್ಯಾಂಬರ್ಗಿನ ಪೌಲ್ ಸೂಡೆಕ್ 1907ರಲ್ಲಿ ಪ್ರಕಟಿಸಿದ ಲೇಖನದ ವಸ್ತು ಇದೇ ಕೊಳೆತ. ಸಿಗ್ಮಾಯ್ಡಿನ ಕೊನೆಯ ಶಾಖೆ ಮೇಲಿನ ಗುದನಾಳ ಅಪಧಮನಿಯೊಡನೆ ಕೂಡುವ ಎಡೆಯನ್ನು ಅವರು ನಿರ್ಣಾಯಕ ಬಿಂದುವೆಂದು ಗುರುತಿಸಿದರು. ಅಪಧಮನಿಯನ್ನು ಆ ಬಿಂದುವಿಗಿಂತ ಮೇಲೆ ಕಟ್ಟಿದರೆ ಅಂಚಿನ ಕಮಾನುಗಳ ರಕ್ತ ಕೆಳಕ್ಕೆ ಇಳಿಯಲು ದಾರಿಯಿರುತ್ತದೆ. ಕೆಳಗೆ ಕಟ್ಟಿದರೆ ಆ ದಾರಿಯೇ ಇಲ್ಲವಾಗುತ್ತದೆ. ಗಂಟು ಹಾಕುವ ಜಾಗದ ಸ್ವಲ್ಪ ವ್ಯತ್ಯಾಸ ರೋಗಿಯ ಅಳಿವು ಉಳಿವುಗಳನ್ನು ನಿರ್ಧರಿಸಬಹುದು ಎಂಬುದು ಇದರ ತಾತ್ಪರ್ಯ.

ಇದೇ ಕಾಲದಲ್ಲಿ ಇಂಗ್ಲೆಂಡಿನಿಂದ ಬೇರೊಂದು ಒತ್ತಡ ಬಂದಿತು. 1908ರಲ್ಲಿ ಅರ್ನೆಸ್ಟ್ ಮೈಲ್ಸ್ ಗುದನಾಳದ ಕ್ಯಾನ್ಸರಿಗೆ ಹೊಟ್ಟೆ ಮತ್ತು ಗುದದ್ವಾರ ಎರಡೂ ಕಡೆಗಳಿಂದ ನಡೆಸುವ ವ್ಯಾಪಕ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಅದೇ ವರ್ಷ ಲೀಡ್ಸಿನ ಮೊಯ್ನಿಹಾನ್, ಕೆಳಗಿನ ಮೆಸೆಂಟರಿ ಅಪಧಮನಿಯನ್ನು ಅದರ ಬುಡದ ಬಳಿಯೇ ಕಟ್ಟಬೇಕೆಂದು ವಾದಿಸಿದರು. 1909ರಲ್ಲಿ ಅದೇ ನಗರದ ಜೇಮಿಸನ್ ಮತ್ತು ಡಾಬ್ಸನ್, ದೊಡ್ಡ ಕರುಳಿನ ದುಗ್ಧರಸನಾಳಗಳು ಅಪಧಮನಿಗಳ ಜೊತೆಯಲ್ಲಿಯೇ ಸಾಗುತ್ತವೆ, ದುಗ್ಧಗ್ರಂಥಿಗಳು ಕರುಳಿನ ಅಂಚಿನಿಂದ ಅಪಧಮನಿಯ ಬುಡದವರೆಗೆ ಸಾಲಾಗಿರುತ್ತವೆ ಎಂಬುದನ್ನು ವಿವರಿಸಿದರು. ಕ್ಯಾನ್ಸರ್ ಹರಡುವುದು ಈ ದಾರಿಯಲ್ಲಿ. ಆದುದರಿಂದ ರೋಗವನ್ನು ಬೇರುಸಹಿತ ತೆಗೆಯಬೇಕಾದರೆ ಅಪಧಮನಿಯನ್ನು ಬುಡದಲ್ಲಿಯೇ ಕಟ್ಟಬೇಕು. ಉಳಿದ ಕರುಳು ಬದುಕಬೇಕಾದರೆ ರಕ್ತ ಹರಿಯುತ್ತಿರಬೇಕು. ಪರಸ್ಪರ ವಿರುದ್ಧವಾದ ಈ ಎರಡು ಅಗತ್ಯಗಳ ನಡುವೆ ನಿಂತದ್ದು ಅಂಚಿನ ಅಪಧಮನಿ.

ಅದರ ಸಾಮರ್ಥ್ಯವನ್ನು ಪರೀಕ್ಷಿಸಿದವರು ನ್ಯೂಕ್ಯಾಸಲ್ಲಿನ ಶಸ್ತ್ರವೈದ್ಯ ಹ್ಯಾಮಿಲ್ಟನ್ ಡ್ರಮಂಡ್. 1913 ಮತ್ತು 1914ರಲ್ಲಿ ಪ್ರಕಟವಾದ ಅವರ ಲೇಖನಗಳು ಶವಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಆಧರಿಸಿವೆ. ಕಾಲಿಕ್ ಶಾಖೆಗಳನ್ನು ಬುಡದಲ್ಲಿ ಕಟ್ಟಿ, ಮೇಲಿನ ಅಪಧಮನಿಯ ಕ್ಷೇತ್ರಕ್ಕೆ ದ್ರಾವಣವನ್ನು ತಳ್ಳಿದಾಗ ಅದು ಅಂಚಿನ ಮಾರ್ಗವಾಗಿಯೇ ಸಾಗಿ ಸಿಗ್ಮಾಯ್ಡಿನವರೆಗೆ ತಲಪಿತು. ಅಂಚಿನ ಅಪಧಮನಿಗೆ ಡ್ರಮಂಡರ ಹೆಸರು ಸೇರಿದ್ದು ಇದರಿಂದ. ಹಾಲರ್‌ನ ಕಾಲದಿಂದ ಪರಿಚಿತವಾಗಿದ್ದ ನಾಳಕ್ಕೆ ಇಪ್ಪತ್ತನೆಯ ಶತಮಾನದ ಶಸ್ತ್ರವೈದ್ಯರೊಬ್ಬರ ಹೆಸರು ಬಂದುದು ವಿಚಿತ್ರವೆನಿಸಿದರೂ ಅಕಾರಣವಲ್ಲ. ಅವರು ನಾಳವನ್ನು ಮೊದಲು ಕಂಡವರಲ್ಲ, ಅದನ್ನು ನೆಚ್ಚಬಹುದೆಂದು ತೋರಿಸಿದವರು.

ಹಾಗೆ ನೆಚ್ಚುವುದಕ್ಕೂ ಮಿತಿಯಿತ್ತು. ಜೆ. ಡಿ. ಗ್ರಿಫಿತ್ಸ್ 1956ರಲ್ಲಿ ದೊಡ್ಡ ಕರುಳಿನ ಕೆಳಭಾಗದ ರಕ್ತಪೂರೈಕೆಯನ್ನು ಪುನಃ ಅಧ್ಯಯನ ಮಾಡಿ, ಗುಲ್ಮದ ತಿರುವಿನಲ್ಲಿ ಅಂಚಿನ ಅಪಧಮನಿ ದುರ್ಬಲವಾಗಿರಬಹುದು ಎಂಬುದರ ಕಡೆಗೆ ಗಮನ ಸೆಳೆದರು. ಎರಡು ಭ್ರೂಣಕ್ಷೇತ್ರಗಳು ಕೂಡುವ ಎಡೆಯಲ್ಲಿಯೇ ಕಾಲುವೆ ಕಿರಿದಾಗಿತ್ತು. 1958ರಲ್ಲಿ ಅಮೆರಿಕದ ಸಾನ್‌ಲ್ಯಾಂಡ್, ಆನ್ಸನ್ ಮತ್ತು ಬೀಟನ್ 600 ಮಾದರಿಗಳ ಅಧ್ಯಯನವನ್ನು ಪ್ರಕಟಿಸಿ ಮೇಲಿನ ಅಪಧಮನಿಯ ಕಾಲಿಕ್ ಶಾಖೆಗಳಲ್ಲಿರುವ ವೈವಿಧ್ಯವನ್ನು ತೋರಿಸಿದರು. ಬಲ ಕಾಲಿಕ್ ಅಪಧಮನಿ ಪಠ್ಯಪುಸ್ತಕದ ಚಿತ್ರದಲ್ಲಿರುವಂತೆ ಮೂಲನಾಳದಿಂದ ಸ್ವತಂತ್ರವಾಗಿ ಹೊರಡದೆ ಇನ್ನೊಂದು ಶಾಖೆಯ ಕವಲಾಗಿರುವುದು ಅಪರೂಪವಲ್ಲ. ಪುಸ್ತಕದ ಚಿತ್ರ ಒಂದು ಸರಾಸರಿ ಮಾತ್ರ. ಶಸ್ತ್ರಕ್ರಿಯೆಯ ಮೇಜಿನ ಮೇಲಿರುವ ರೋಗಿ ಆ ಸರಾಸರಿಗೆ ಹೊಂದಬೇಕೆಂಬ ನಿಯಮವಿಲ್ಲ.

5. ಜೀವಂತ ದೇಹದ ಸಾಕ್ಷ್ಯ

ಶವದ ನಾಳಗಳಲ್ಲಿ ದ್ರಾವಣ ಹರಿಯುವುದು ತಳ್ಳುವ ಕೈಯ ಬಲದಿಂದ. ಜೀವಂತ ದೇಹದಲ್ಲಿ ಅದೇ ಹರಿವು ಹೃದಯದ ಶಕ್ತಿ, ರಕ್ತದ ಒತ್ತಡ ಮತ್ತು ನಾಳದ ಗೋಡೆಯ ಸ್ಥಿತಿಯನ್ನು ಅವಲಂಬಿಸಿದೆ. ಈ ವ್ಯತ್ಯಾಸವನ್ನು ಮನಗಾಣಲು ಎರಡು ಬೆಳವಣಿಗೆಗಳು ಕಾರಣವಾದವು. 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋ, ಉಬ್ಬಿಕೊಂಡ ಹೊಟ್ಟೆಯ ಮಹಾಪಧಮನಿಯನ್ನು ತೆಗೆದು ಬೇರೆ ನಾಳವನ್ನು ಯಶಸ್ವಿಯಾಗಿ ಜೋಡಿಸಿದರು. ಇಂತಹ ಶಸ್ತ್ರಕ್ರಿಯೆಗಳಲ್ಲಿ ಕೆಳಗಿನ ಮೆಸೆಂಟರಿ ಅಪಧಮನಿಯನ್ನು ಕಟ್ಟಿಬಿಡುವುದು ವಾಡಿಕೆಯಾಯಿತು. ಬಹುಮಂದಿ ರೋಗಿಗಳಲ್ಲಿ ಇದರಿಂದ ತೊಂದರೆಯಾಗಲಿಲ್ಲ. ಕೆಲವರಲ್ಲಿ ಎಡಗರುಳು ಸತ್ತಿತು. ಇನ್ನೊಂದೆಡೆ, 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಕಂಡುಹಿಡಿದ ವಿಧಾನದಿಂದ ತೊಡೆಯ ನಾಳದ ಮೂಲಕ ತೆಳುವಾದ ಕೊಳವೆಯನ್ನು ಒಳಸೇರಿಸಿ, ಬೇಕಾದ ಅಪಧಮನಿಯ ಎಕ್ಸ್-ರೇ ಚಿತ್ರ ಪಡೆಯುವುದು ಸುಲಭವಾಯಿತು.

1963ರಲ್ಲಿ ಅಮೆರಿಕದ ಬೋಲಿ ಮತ್ತು ಸಂಗಡಿಗರು ರಕ್ತದ ಕೊರತೆಯಿಂದ ದೊಡ್ಡ ಕರುಳಿಗೆ ಆಗುವ ಹಾನಿ ಕೆಲವರಲ್ಲಿ ತಾನಾಗಿಯೇ ಗುಣವಾಗುತ್ತದೆ ಎಂದು ವರದಿಮಾಡಿದರು. 1966ರಲ್ಲಿ ಲಂಡನ್ನಿನ ಏಡ್ರಿಯನ್ ಮಾರ್ಸ್ಟನ್ ಮತ್ತು ಸಂಗಡಿಗರು ಇದಕ್ಕೆ ‘ಇಸ್ಕೀಮಿಕ್ ಕೊಲೈಟಿಸ್’ ಎಂಬ ಹೆಸರನ್ನು ಕೊಟ್ಟು ಮೂರು ರೂಪಗಳನ್ನು ಗುರುತಿಸಿದರು: ಕರುಳು ಕೊಳೆಯುವುದು, ಗಾಯ ಮಾಗಿ ಕರುಳು ಕಿರಿದಾಗುವುದು, ತಾತ್ಕಾಲಿಕವಾಗಿ ಕಾಡಿ ವಾಸಿಯಾಗುವುದು. ಈ ರೋಗದಲ್ಲಿ ಅನೇಕ ವೇಳೆ ಯಾವ ದೊಡ್ಡ ಅಪಧಮನಿಯೂ ಮುಚ್ಚಿರುವುದಿಲ್ಲ. ರಕ್ತದೊತ್ತಡ ಕುಸಿದಾಗ ಕಾಲುವೆಯ ತುದಿಗೆ ನೀರು ತಲಪದಂತೆ, ಗುಲ್ಮದ ತಿರುವಿನಂತಹ ಗಡಿಭಾಗಗಳು ಮೊದಲು ನರಳುತ್ತವೆ.

1964ರಲ್ಲಿ ಮಾಸ್ಕೊವಿಟ್ಸ್, ಝಿಮ್ಮರ್‌ಮನ್ ಮತ್ತು ಫೆಲ್ಸನ್ ಎಕ್ಸ್-ರೇ ಚಿತ್ರಗಳಲ್ಲಿ ಕಂಡ, ಹಾವಿನಂತೆ ಸುತ್ತಿ ಸಾಗುವ ಹಿಗ್ಗಿದ ನಾಳವೊಂದನ್ನು ‘ಅಂಕುಡೊಂಕು ಮೆಸೆಂಟರಿ ಅಪಧಮನಿ’ ಎಂದು ವರ್ಣಿಸಿದರು. ಎರಡು ಮುಖ್ಯ ಅಪಧಮನಿಗಳಲ್ಲಿ ಒಂದು ನಿಧಾನವಾಗಿ ಮುಚ್ಚಿಕೊಂಡಾಗ ಇನ್ನೊಂದರ ರಕ್ತ ಈ ಹಾದಿಯಲ್ಲಿ ಹರಿದು ಅದನ್ನು ಹಿಗ್ಗಿಸುತ್ತದೆ. ಇಲ್ಲಿಯೇ ಹೆಸರುಗಳ ತೊಡಕು ಗಂಭೀರವಾಗುತ್ತದೆ. ಇದನ್ನು ಕೆಲವರು ರಿಯೋಲಾನನ ಕಮಾನು ಎಂದರು. ಕೆಲವರು ಆ ಹೆಸರನ್ನು ಅಂಚಿನ ಅಪಧಮನಿಗೇ ಕೊಟ್ಟರು. ಮತ್ತೆ ಕೆಲವರು ನಡು ಕಾಲಿಕ್ ಮತ್ತು ಎಡ ಕಾಲಿಕ್‌ಗಳ ಬುಡಗಳನ್ನು ಕೂಡಿಸುವ ಮೂರನೆಯ ನಾಳವೊಂದಕ್ಕೆ ಮೀಸಲಿಟ್ಟರು. ಹೆಸರು ಒಂದೇ ಆದರೂ ಪರಿಣಾಮ ಒಂದೇ ಅಲ್ಲ. ಮೇಲಿನ ಅಪಧಮನಿ ಮುಚ್ಚಿರುವ ರೋಗಿಯಲ್ಲಿ ಸಣ್ಣ ಕರುಳೂ ಕೆಳಗಿನ ಅಪಧಮನಿಯ ರಕ್ತದಿಂದಲೇ ಬದುಕಿರಬಹುದು. ಅದನ್ನರಿಯದೆ ಕೆಳಗಿನದನ್ನು ಕಟ್ಟಿದರೆ ಕರುಳಿನ ಬಹುಭಾಗವೇ ನಾಶವಾಗುವ ಅಪಾಯವಿದೆ. 2007ರಲ್ಲಿ ನೆದರ್ಲೆಂಡ್ಸಿನ ಲಾಂಗೆ ಮತ್ತು ಸಂಗಡಿಗರು ಹಿಂದಿನ ಬರಹಗಳನ್ನೆಲ್ಲ ಪರಿಶೀಲಿಸಿ, ರಿಯೋಲಾನನ ಕಮಾನು ಎಂಬ ಹೆಸರು ಗೊಂದಲಕಾರಿ, ಅದನ್ನು ಕೈಬಿಡುವುದೇ ಲೇಸು ಎಂದು ವಾದಿಸಿದರು. 1998ರ ಅಂತರರಾಷ್ಟ್ರೀಯ ಅಂಗರಚನಾ ಪದಾವಳಿಯಂತೂ ವ್ಯಕ್ತಿನಾಮಗಳನ್ನು ಬಿಟ್ಟು ‘ಅಂಚಿನ ಅಪಧಮನಿ’ ಎಂಬರ್ಥದ ಪದವನ್ನೇ ಅಂಗೀಕರಿಸಿದೆ. ವ್ಯಕ್ತಿಯ ಗೌರವಕ್ಕಾಗಿ ಇಟ್ಟ ಹೆಸರಿಗಿಂತ ನಾಳದ ಸ್ಥಾನವನ್ನು ಹೇಳುವ ಹೆಸರು ರೋಗಿಗೆ ಕ್ಷೇಮಕರ.

6. ಉಪಸಂಹಾರ

ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಮುಂದುವರಿದಿದೆ. 2009ರಲ್ಲಿ ಜರ್ಮನಿಯ ಹೋಹೆನ್‌ಬರ್ಗರ್ ಮತ್ತು ಸಂಗಡಿಗರು, ಕರುಳಿನ ಕ್ಯಾನ್ಸರಿನಲ್ಲಿ ಮೆಸೆಂಟರಿಯ ಪೊರೆಯನ್ನು ಹರಿಯದಂತೆ ಇಡಿಯಾಗಿ ಬಿಡಿಸಿ, ಅಪಧಮನಿಯನ್ನು ಬುಡದಲ್ಲಿಯೇ ಕಟ್ಟುವ ವಿಧಾನವನ್ನು ಪ್ರತಿಪಾದಿಸಿದರು. ಮೊಯ್ನಿಹಾನ್ ಮತ್ತು ಜೇಮಿಸನ್–ಡಾಬ್ಸನ್ ಅವರ ಚಿಂತನೆ ಇದರಲ್ಲಿ ಮರುಕಳಿಸಿದೆ. ಗುದನಾಳದ ಶಸ್ತ್ರಕ್ರಿಯೆಯಲ್ಲಿ ಎಡ ಕಾಲಿಕ್ ಶಾಖೆಯನ್ನು ಉಳಿಸಬೇಕೇ ಬೇಡವೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಶಸ್ತ್ರಕ್ರಿಯೆಗೆ ಮೊದಲು ಸಿ.ಟಿ. ಯಂತ್ರದಿಂದ ಆಯಾ ರೋಗಿಯ ನಾಳಗಳ ನಕ್ಷೆಯನ್ನೇ ಪಡೆಯಬಹುದಾಗಿದೆ. ಇಂಡೊಸಯನೈನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಸೇರಿಸಿ, ಅತಿಗೆಂಪಿಗೆ ಸಮೀಪದ ಬೆಳಕಿನಲ್ಲಿ ನೋಡಿದಾಗ ರಕ್ತ ತಲಪಿದ ಕರುಳು ಹೊಳೆಯುತ್ತದೆ. ಇದರಿಂದ ಹೊಲಿಗೆಯ ಸೋರಿಕೆ ಎಷ್ಟರಮಟ್ಟಿಗೆ ತಗ್ಗುತ್ತದೆ ಎಂಬ ವಿಷಯದಲ್ಲಿ ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳು ಏಕಪ್ರಕಾರವಾಗಿಲ್ಲ.

ಒಟ್ಟಿನಲ್ಲಿ, ಈ ಅರಿವಿನ ಬೆಳವಣಿಗೆ ಒಂದೇ ದಿಕ್ಕಿನ ಸರಳ ಮುನ್ನಡೆಯಾಗಿರಲಿಲ್ಲ. ಹಾರ್ವೆಯು ಕರುಳಿಗೆ ರಕ್ತ ಬಂದು ಹೋಗುತ್ತದೆ ಎಂದು ತೋರಿಸಿದನು. ಹಾಲರ್ ಅದರ ದಾರಿಗಳನ್ನು ಬರೆದಿಟ್ಟನು. ದಾರಿಯಿದ್ದರೂ ಸಾಲದೆಂಬುದನ್ನು ಲಿಟ್ಟನ್ ಕಂಡನು. ಎಲ್ಲಿ ಸಾಲದು, ಎಲ್ಲಿ ಸಾಲುತ್ತದೆ ಎಂಬುದನ್ನು ಸೂಡೆಕ್, ಡ್ರಮಂಡ್, ಗ್ರಿಫಿತ್ಸ್ ವಿವೇಚಿಸಿದರು. ಅದು ರೋಗಿಯಿಂದ ರೋಗಿಗೆ, ಅದೇ ರೋಗಿಯಲ್ಲಿಯೂ ಗಳಿಗೆಯಿಂದ ಗಳಿಗೆಗೆ ಬದಲಾಗಬಲ್ಲುದೆಂದು ಮಾರ್ಸ್ಟನ್ ಮೊದಲಾದವರ ಅಧ್ಯಯನಗಳು ತಿಳಿಸಿದವು. ಇಷ್ಟೆಲ್ಲ ಸಾಧನಗಳು ಬಂದ ಮೇಲೂ, ಕರುಳನ್ನು ಕತ್ತರಿಸುವ ಮುನ್ನ ಅಂಚಿನ ನಾಳ ಮಿಡಿಯುತ್ತಿದೆಯೇ, ಕತ್ತರಿಸಿದ ಅಂಚಿನಿಂದ ಕೆಂಪು ರಕ್ತ ಜಿನುಗುತ್ತಿದೆಯೇ ಎಂದು ನೋಡುವ ಅಭ್ಯಾಸವನ್ನು ಶಸ್ತ್ರವೈದ್ಯರು ಕೈಬಿಟ್ಟಿಲ್ಲ. ಪಠ್ಯಪುಸ್ತಕದ ಚಿತ್ರ ನಾಳಗಳ ಇರವನ್ನು ಹೇಳುತ್ತದೆ. ಅವು ಸಾಲುತ್ತವೆಯೇ ಎಂಬುದನ್ನು ಪ್ರತಿಯೊಂದು ಸಂದರ್ಭದಲ್ಲಿಯೂ ಹೊಸದಾಗಿಯೇ ಕೇಳಿ ತಿಳಿಯಬೇಕಾಗುತ್ತದೆ.